ಗೋಪುರ ನಿಂತಿದ್ದ ದಿಕ್ಕು

ಓಟಾಕರ್ ಆ ಪುಟ್ಟ ಮಾದರಿ ಯುದ್ಧಟ್ಯಾಂಕಿನ ಒಳಭಾಗ ಕಟ್ಟಲು ಕೂತದ್ದು ಬಹುಮಾನದ ಆಸೆಗಲ್ಲ. ಅವನಿಗೆ ಒಂದು ವಿಷಯ ತಿಳಿಯಬೇಕಾಗಿತ್ತು. ನದಿಯ ತಳದಲ್ಲಿ ಸಿಕ್ಕಿಕೊಂಡ ತನ್ನ ಅಣ್ಣ ರಾಡಿಮ್ ಹೊರಗೆ ಬರಬಹುದಿತ್ತೋ ಇಲ್ಲವೋ, ಅಷ್ಟೆ.

ನಮ್ಮದು ಮೊರಾವಿಯಾ ಸೀಮೆಯ ಸಣ್ಣ ಊರು. ಅಗ್ನಿಶಾಮಕದವರ ಷೆಡ್ಡಿನ ಮೇಲೆ ಒಂದು ಮಾಳಿಗೆ ಕೋಣೆ ಇದೆ. ಶುಕ್ರವಾರ ಸಂಜೆ ನಾವು ಕೆಲವರು ಗಂಡಸರು ಅಲ್ಲಿ ಸೇರಿ ಗೇಣುದ್ದದ ಟ್ಯಾಂಕುಗಳನ್ನು ಮಾಡುತ್ತೇವೆ. ಹೆಂಡಂದಿರು ನಗುತ್ತಾರೆ, ನಗಲಿ. ನನಗೆ ಶಾಲೆ ಹತ್ತಲಿಲ್ಲ, ಓದುವುದು ಈಗಲೂ ನಿಧಾನ. ಎರಕದ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಓಡಿಸಿಕೊಂಡು ವಯಸ್ಸು ಕಳೆದೆ. ಈಗ ಮನೆಯ ಹಿಂದಿನ ಸಣ್ಣ ಲೇತಿನಲ್ಲಿ ಗೆಳೆಯರ ಟ್ಯಾಂಕುಗಳಿಗೆ ಹಿತ್ತಾಳೆಯ ನಳಿಕೆ ಕೊರೆದು ಕೊಡುತ್ತೇನೆ. ಸೈನ್ಯದಲ್ಲಿ ಕಡ್ಡಾಯದ ಎರಡು ವರ್ಷ ನಾನೂ ಟ್ಯಾಂಕಿನೊಳಗೆ ಫಿರಂಗಿಗೆ ಗುಂಡು ತುಂಬಿದವನೇ. ಆದರೆ ರಾಡಿಮ್‌ನ ದಳ ಬೇರೆ, ನನ್ನದು ಬೇರೆ. ಆ ದಿನ ಆ ನದಿಯ ಹತ್ತಿರ ನಾನಿರಲಿಲ್ಲ.

ರಾಡಿಮ್ ಟ್ಯಾಂಕಿನ ಚಾಲಕ. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಆ ಕಾಲದಲ್ಲಿ ಟ್ಯಾಂಕುಗಳನ್ನು ಸೇತುವೆ ಇಲ್ಲದ ಕಡೆ ನದಿಯ ತಳದಲ್ಲೇ ಓಡಿಸಿ ಆಚೆ ದಡ ಹತ್ತಿಸುವ ಅಭ್ಯಾಸ ನಡೆಯುತ್ತಿತ್ತು. ಮೇಲೆ ಗಾಳಿಗೆ ಒಂದು ಉದ್ದನೆಯ ಕೊಳವೆ, ಕೆಳಗೆ ಕತ್ತಲಲ್ಲಿ ನಾಲ್ಕು ಜನ. ಒಂದು ಶರತ್ಕಾಲದಲ್ಲಿ ಅವರ ಟ್ಯಾಂಕು ನಡುನದಿಯಲ್ಲಿ ಹಳ್ಳಕ್ಕೆ ಇಳಿದು ಓರೆಯಾಗಿ ನಿಂತಿತು. ಎಂಜಿನ್ ಸತ್ತಿತು, ನೀರು ನುಗ್ಗಿತು. ಮೂವರು ಮೇಲೆ ಬಂದರು. ರಾಡಿಮ್ ಬರಲಿಲ್ಲ.

ಆಮೇಲೆ ಒಬ್ಬ ಅಧಿಕಾರಿ ಮನೆಗೆ ಬಂದ. ಹೆರ್ಮಿನಾ ಚಿಕ್ಕಮ್ಮ, ಎಂದರೆ ರಾಡಿಮ್ ಮತ್ತು ಓಟಾಕರನ ತಾಯಿ, ಅವನಿಗೆ ಕಾಫಿ ಕೊಟ್ಟಳು. ಅವನು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಹೇಳಿದ: "ನಿಮ್ಮ ಹುಡುಗ ಗಾಬರಿಯಾದ. ಹೇಳಿಕೊಟ್ಟದ್ದನ್ನು ಮರೆತ. ಉಳಿದವರು ಹೇಳಿದ ಹಾಗೆ ಮಾಡಿದರು, ಬದುಕಿದರು." ಕಾಫಿ ಕುಡಿದು ಹೋದ. ಗೋಡೆಯಾಚೆಯ ಮನೆ ನಮ್ಮದು. ಅವನು ಜೀಪು ತಿರುಗಿಸಿಕೊಂಡು ಹೋದದ್ದು ನನಗೆ ನೆನಪಿದೆ. ಆ ಮಾತು ಮಾತ್ರ ಊರಲ್ಲೇ ಉಳಿಯಿತು. ಶಾಲೆಯಲ್ಲಿ ಹುಡುಗರು ಓಟಾಕರನಿಗೆ, "ಪುಕ್ಕಲನ ತಮ್ಮ ಬಂದ" ಎನ್ನುತ್ತಿದ್ದರು. ಅವರ ಅಪ್ಪ ರೈಲ್ವೆಯಲ್ಲಿದ್ದವನು, ಬಿಯರ್ ಹೋಟೆಲಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಕುಡಿಯತೊಡಗಿ, ಹಾಗೆಯೇ ತೀರಿಕೊಂಡ. ನಮ್ಮ ಕಡೆ ವಿನೆಗರಿನಲ್ಲಿ ನೆನೆಹಾಕಿದ ಸಾಸೇಜಿಗೆ 'ಮುಳುಗಿದವರು' ಎಂದೇ ಹೆಸರು. ಬಿಯರ್ ಜೊತೆ ಎಲ್ಲರೂ ತಿನ್ನುತ್ತಾರೆ. ಓಟಾಕರ್ ಒಳಗೆ ಬಂದರೆ ಹೋಟೆಲಿನವಳು ಆ ಜಾಡಿಯನ್ನು ಸುಮ್ಮನೆ ಕೆಳಗಿಡುತ್ತಿದ್ದಳು. ಅಷ್ಟು ವರ್ಷವಾದ ಮೇಲೂ.

ಅಂಗಡಿಯಲ್ಲಿ ಸಿಗುವ ಡಬ್ಬಿಯ ಟ್ಯಾಂಕಿಗೆ ಹೊರಗಿನ ಚಿಪ್ಪು ಮಾತ್ರ ಇರುತ್ತದೆ. ಒಳಗೆ ಬರೀ ಗಾಳಿ. ಒಳಗಿನದೆಲ್ಲವನ್ನೂ ಕೈಯಿಂದಲೇ ಮಾಡಬೇಕು. ನಮ್ಮಲ್ಲಿ ಕೆಲವರು ವರ್ಷಗಟ್ಟಲೆ ಕೂತು ಒಳಗೆ ಸೀಟು, ತಂತಿ, ಗಡಿಯಾರದ ಮುಳ್ಳು ಎಲ್ಲ ಕಟ್ಟಿ, ಬಣ್ಣ ಹಚ್ಚಿ, ಕೊನೆಗೆ ಮೇಲಿನ ಚಿಪ್ಪನ್ನು ಅಂಟಿಸಿ ಮುಚ್ಚಿಬಿಡುತ್ತಾರೆ. ಆಮೇಲೆ ಅದನ್ನು ಯಾರೂ ಕಾಣಲಾರರು. ಒಳಗಿದೆ ಎಂದು ಕಟ್ಟಿದವನಿಗೆ ಗೊತ್ತಿದ್ದರೆ ಆಯಿತು. ಓಟಾಕರ್ ಹಾಗಲ್ಲ. ಅವನು ಚಿಪ್ಪನ್ನು ಅಂಟಿಸದೆ ಎತ್ತಿ ಇಡುವಂತೆ ಮಾಡಿಕೊಂಡಿದ್ದ. ಅಂಗಳದ ಬಟ್ಟೆ ಒಗೆಯುವ ಕೋಣೆಯಲ್ಲಿ ಕಿಟಕಿಗೆ ಮೇಜು ಹಾಕಿಕೊಂಡು ಕೂರುತ್ತಿದ್ದ. ತೆಳು ಪ್ಲಾಸ್ಟಿಕ್ ಹಾಳೆಯಿಂದ ಗೋಡೆ, ಹಳೆ ಟೆಲಿಫೋನಿನ ತಾಮ್ರದ ಎಳೆಯಿಂದ ವೈರು, ವೈನ್ ಬಾಟಲಿಯ ಕತ್ತಿನ ಸೀಸದ ಹಾಳೆಯಿಂದ ಪಟ್ಟಿ. ಮೇಣದ ಬತ್ತಿಗೆ ಪ್ಲಾಸ್ಟಿಕ್ ಕಡ್ಡಿ ಹಿಡಿದು ಕೂದಲೆಳೆಯ ಹಾಗೆ ಎಳೆದು, ಸನ್ನೆಕೋಲುಗಳನ್ನು ಮಾಡುತ್ತಿದ್ದ. ಒಳಗೆ ಹಾಲಿನ ಬಣ್ಣ, ಬೂಟು ತಾಗುವ ಕಡೆ ಮಾಸಲು.

ಒಂದು ಬೇಸಿಗೆ ಸೈನ್ಯದ ವಸ್ತುಸಂಗ್ರಹಾಲಯದಲ್ಲಿ ರಾಡಿಮ್ ಓಡಿಸಿದ ಜಾತಿಯ ಟ್ಯಾಂಕನ್ನು ಜನರಿಗೆ ತೆರೆದಿಟ್ಟಿದ್ದರು. ಓಟಾಕರ್ ಅಳತೆಯ ಕ್ಯಾಲಿಪರ್ ಹಿಡಿದು ಒಳಗಿಳಿದವನು ಮೇಲೇಳಲೇ ಇಲ್ಲ. ಹೊರಗೆ ಮಕ್ಕಳ ಸಾಲು. ಕಾವಲಿನವಳು ಮುಚ್ಚಳದ ಬಾಯಿಗೆ ಬಗ್ಗಿ ಕೂಗಿದಳು: "ಅಯ್ಯಾ, ಒಳಗೇನು ಬಾಡಿಗೆಗೆ ಇದೀಯಾ? ಮಕ್ಕಳು ಅಳ್ತಾ ಇದಾವೆ, ಹೊರಗೆ ಬಾ!"

"ಇನ್ನೊಂದು ಅಳತೆ ತಾಯಿ, ಇನ್ನೊಂದೇ ಒಂದು" ಎಂದು ಒಳಗಿಂದ ಇವನ ದನಿ.

ಅಳತೆಯಲ್ಲಿ ಸಿಗದ್ದನ್ನು ಅವನು ಕಾಮಿಲ್‌ನ ಬಾಯಿಂದ ತೆಗೆದುಕೊಳ್ಳುತ್ತಿದ್ದ. ಕಾಮಿಲ್ ಮುಳುಗಿದ ಆ ಟ್ಯಾಂಕಿನ ಗುರಿಕಾರ, ಫಿರಂಗಿ ತಿರುಗಿಸಿ ಗುರಿ ಹಿಡಿಯುವವನು. ಬದುಕಿ ಬಂದ ಮೂವರಲ್ಲಿ ಒಬ್ಬ. ದೇಶದ ಇನ್ನೊಂದು ತುದಿಯಲ್ಲಿ ಗಾಜಿನ ಕಾರ್ಖಾನೆಯಲ್ಲಿದ್ದ. ಪ್ರತಿವರ್ಷ ನವೆಂಬರಿನಲ್ಲಿ ಸತ್ತವರ ದಿನಕ್ಕೆ ರೈಲು ಹಿಡಿದು, ಬಸ್ಸು ಬದಲಿಸಿ, ಬಿಳಿ ಸೇವಂತಿಗೆ ತೆಗೆದುಕೊಂಡು ರಾಡಿಮ್‌ನ ಸಮಾಧಿಗೆ ಬರುತ್ತಿದ್ದ. ಒಂದು ವರ್ಷವೂ ತಪ್ಪಿಸಿದವನಲ್ಲ. ಕಮಾಂಡರ್ ಒಂದು ಸಲವೂ ಬರಲಿಲ್ಲ, ಇನ್ನೊಬ್ಬ ಯಾವಾಗಲೋ ಸತ್ತುಹೋದ. ಹೆರ್ಮಿನಾ ಚಿಕ್ಕಮ್ಮ ಕಾಮಿಲ್‌ನನ್ನು ರಾಡಿಮ್ ಕೂರುತ್ತಿದ್ದ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂರಿಸಿ ಬಡಿಸುತ್ತಿದ್ದಳು. "ತಿನ್ನೋ ಮಗು, ಅಲ್ಲಿ ನಿನಗೆ ಯಾರು ಮಾಡಿ ಹಾಕ್ತಾರೆ" ಎನ್ನುತ್ತಿದ್ದಳು. ಮಗುವಿನ ತಲೆ ಆಗಲೇ ಬೋಳಾಗಿತ್ತು.

ಓಟಾಕರ್ ಕೇಳುತ್ತಿದ್ದ, ಕಾಮಿಲ್ ಹೇಳುತ್ತಿದ್ದ. ಗುಂಡು ತುಂಬುವವನ ಸೀಟು ಹರಿದು ನೀಲಿ ದಾರದಲ್ಲಿ ಹೊಲಿದಿತ್ತು. ರಾಡಿಮ್ ಟ್ಯಾಂಕು ತಿರುಗಿಸುವ ತನ್ನ ಎಡಗಡೆಯ ಕೋಲಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿಕೊಂಡಿದ್ದ. ದುರ್ಬೀನಿನ ರಬ್ಬರಿನಲ್ಲಿ ಒಂದು ಬಿರುಕು ಇತ್ತು, ಹಣೆಗೆ ಒತ್ತುತ್ತಿತ್ತು. ಎಲ್ಲ ನೆನಪಿತ್ತು ಅವನಿಗೆ. ಒಂದನ್ನು ಬಿಟ್ಟು.

"ಗೋಪುರದ ಬೀಗ ಎಲ್ಲಿತ್ತು ಕಾಮಿಲ್?" ಎಂದು ಓಟಾಕರ್ ಕೇಳಿದಾಗ ನಾನೂ ಅಲ್ಲಿದ್ದೆ. ಟ್ಯಾಂಕಿನ ಮೇಲೆ ಫಿರಂಗಿಯ ಸಮೇತ ತಿರುಗುವ ಭಾಗಕ್ಕೆ ನಾವು ಗೋಪುರ ಎನ್ನುತ್ತೇವೆ. ಅದು ತಾನಾಗಿ ತಿರುಗದ ಹಾಗೆ ಹಿಡಿದಿಡಲು ಒಂದು ಬೀಗದ ಸನ್ನೆ ಇರುತ್ತದೆ.

"ಅದು ನೆನಪಿಲ್ಲ" ಎಂದ ಕಾಮಿಲ್. ಚಮಚದಿಂದ ಸೂಪನ್ನು ಕಲಕಿದ.

ಜನರಿಗೆ ಒಂದೊಂದು ಮರೆತುಹೋಗುತ್ತದೆ ಎಂದುಕೊಂಡೆ. ಬೀಗ ಎಲ್ಲಿರುತ್ತದೆಂದು ನಾನೇ ತೋರಿಸಿಕೊಟ್ಟೆ. ಓಟಾಕರ್ ಗಿಟಾರಿನ ತಂತಿಯ ತುಂಡಿನಿಂದ ಅದನ್ನು ಮಾಡಿ, ನಿಯಮದಲ್ಲಿದ್ದಂತೆ ಬೀಗ ಬಿದ್ದ ಸ್ಥಿತಿಯಲ್ಲಿ ಕೂರಿಸಿದ.

ಒಂದು ಶುಕ್ರವಾರ ಅವನು ಮಾಳಿಗೆಗೆ ಬಂದ. ಡಬ್ಬಿಯಿಂದ ಟ್ಯಾಂಕನ್ನು ತೆಗೆದು ಮೇಜಿನ ಮೇಲಿಟ್ಟು, ಮೇಲಿನ ಚಿಪ್ಪು ಎತ್ತಿದ. ಚಾಲಕನ ಜಾಗದಲ್ಲಿ ಹೆಬ್ಬೆರಳುದ್ದದ ಒಬ್ಬ ಮನುಷ್ಯ. ಕೈಕಾಲು ಮಡಚುವಂತೆ ತಂತಿಯ ಕೀಲು ಹಾಕಿದ್ದ. ಕಿವಿಗಳು ಸ್ವಲ್ಪ ಹೊರಚಾಚಿದ್ದವು. ಅದು ರಾಡಿಮ್‌ನ ಕಿವಿ.

"ನೋಡಿ" ಎಂದ. ಚಿಮಟದಲ್ಲಿ ಆ ಮನುಷ್ಯನನ್ನು ಸೀಟಿನಿಂದ ಹಿಂದಕ್ಕೆ ಎಳೆದ. ಸರಾಗವಾಗಿ ಬಂತು. ಸೀಟಿನ ಹಿಂದೆ, ಮೂವರು ಕೂರುವ ಜಾಗಕ್ಕೆ, ಅಲ್ಲಿಂದ ಗೋಪುರದ ಮುಚ್ಚಳಕ್ಕೆ. "ದಾರಿ ಇತ್ತು. ಅಳತೆ ಸುಳ್ಳು ಹೇಳಲ್ಲ. ಹಿಂದಕ್ಕೆ ಜಾರಿದ್ರೆ ಸಾಕಿತ್ತು. ಆಫೀಸರು ಹೇಳಿದ್ದೇ ನಿಜ."

ನಮ್ಮಲ್ಲಿ ಲುಬೋಶ್ ಎಂಬವನಿದ್ದಾನೆ. ಪೋಸ್ಟಿನಲ್ಲಿದ್ದವನು, ಹೆಣದ ಮುಂದೆಯೂ ನಾಲಗೆ ಸುಮ್ಮನಿರಿಸಲಾರ. ಅವನು ಕನ್ನಡಕ ಏರಿಸಿ ಬಗ್ಗಿ ನೋಡಿ, "ಅಲ್ಲ ಓಟಾ, ಯುದ್ಧಕ್ಕೆ ಹೊರಟವನು ಜೇಬು ಖಾಲಿ ಇಟ್ಕೊಂಡು ಹೋಗ್ತಾನೇನಯ್ಯಾ? ನಿನ್ನ ಗುಂಡೆಲ್ಲಿ?" ಎಂದ.

"ಯಾವ ಗುಂಡು?"

"ಫಿರಂಗಿ ಗುಂಡು ಮಾರಾಯ. ಇದೇನು ಹಾಲಿನ ಗಾಡಿಯಾ?"

ಆಗ ನನಗೂ ಹೊಳೆಯಿತು. ಚಾಲಕನ ಬಲಕ್ಕೂ ಹಿಂದಕ್ಕೂ ಗುಂಡುಗಳನ್ನು ನಿಲ್ಲಿಸುವ ಕಬ್ಬಿಣದ ಗೂಡು ಇರುತ್ತದೆ. ನಾನು ಎರಡು ವರ್ಷ ಅಲ್ಲಿಂದಲೇ ಗುಂಡು ಎತ್ತಿಕೊಂಡವನು. ವಸ್ತುಸಂಗ್ರಹಾಲಯದವರು ಮಕ್ಕಳು ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತಲಿ ಎಂದು ಆ ಗೂಡನ್ನು ಕತ್ತರಿಸಿ ತೆಗೆದಿದ್ದರು. ಓಟಾಕರ್ ಆ ಖಾಲಿ ಜಾಗವನ್ನು ಕೂದಲಷ್ಟೂ ಹೆಚ್ಚುಕಮ್ಮಿಯಾಗದ ಹಾಗೆ ಅಳೆದು ತಂದು ಕಟ್ಟಿದ್ದ. ನಮ್ಮಂಥವರು ಮಾಡುವ ತಪ್ಪೇ ಅದು. ಕಣ್ಣೆದುರು ಇದ್ದುದನ್ನು ಬಿಡದೆ ಅಳೆಯುತ್ತೇವೆ, ಇಲ್ಲದ್ದು ಕ್ಯಾಲಿಪರಿಗೆ ಸಿಗುವುದಿಲ್ಲ.

"ಅಭ್ಯಾಸಕ್ಕೆ ಹೋಗುವಾಗ ತುಂಬಿರ್ತಿತ್ತಾ ಅಣ್ಣ?" ಎಂದು ಓಟಾಕರ್ ನನ್ನ ಕಡೆ ತಿರುಗಿ ಕೇಳಿದ.

"ತುಂಬಿರ್ತಿತ್ತು. ಸುಳ್ಳು ಗುಂಡು, ಆದರೆ ಭಾರಕ್ಕೆ ಅಂತ ತುಂಬಿರ್ತಿದ್ರು. ಮತ್ತೆ ನೋಡು, ನಿನ್ನ ಹುಡುಗನ ಮೈಮೇಲೆ ಬೇಸಿಗೆ ಬಟ್ಟೆ ಮಾತ್ರ ಇದೆ. ನೀರಿಗೆ ಇಳಿಯುವಾಗ ಎದೆ ಮೇಲೆ ಉಸಿರಿನ ಚೀಲ ಕಟ್ಟಿರ್ತಾರೆ. ಇಷ್ಟು ದಪ್ಪ."

ಆ ರಾತ್ರಿ ಅವನು ನಿದ್ದೆ ಮಾಡಿರಲಾರ. ಮರುದಿನವೇ ನನ್ನ ಲೇತಿನ ಹತ್ತಿರ ಬಂದು ನಿಂತ. ನಾನು ಹಿತ್ತಾಳೆ ಕಡ್ಡಿಯಲ್ಲಿ ಗುಂಡುಗಳನ್ನು ಕಡೆಯುತ್ತ ಹೋದೆ, ಅವನು ಗೂಡು ಕಟ್ಟುತ್ತ ಹೋದ. ಮನುಷ್ಯನ ಎದೆಗೆ ಮೆತ್ತುವ ಪುಟ್ಟಿಯಲ್ಲಿ ಉಸಿರಿನ ಚೀಲ ಮಾಡಿದ, ಮೂತಿಗೆ ಕೊಳವೆ ಇಟ್ಟ. ಎಲ್ಲ ಒಣಗಿದ ಮೇಲೆ ಚಿಮಟ ಹಿಡಿದು ಹಿಂದಕ್ಕೆ ಎಳೆದ. ಬರಲಿಲ್ಲ. ಓರೆ ಮಾಡಿ ಎಳೆದ, ಬರಲಿಲ್ಲ. ಚೀಲ ಗೂಡಿಗೆ ಸಿಕ್ಕಿ ನಿಂತಿತು. ಓಟಾಕರ್ ಚಿಮಟವನ್ನು ಕೆಳಗಿಟ್ಟು ಮುಖ ಮುಚ್ಚಿಕೊಂಡ. ಅತ್ತನೋ ನಕ್ಕನೋ ನಾನು ನೋಡಲಿಲ್ಲ, ಲೇತಿನ ಕೆಳಗಿನ ಹಿತ್ತಾಳೆ ಚೂರು ಗುಡಿಸುತ್ತಿದ್ದೆ.

ಇನ್ನು ಉಳಿದದ್ದು ಒಂದೇ ದಾರಿ. ಚಾಲಕನ ತಲೆಯ ಮೇಲೆ ಅವನದೇ ಮುಚ್ಚಳ ಇರುತ್ತದೆ. ಫಿರಂಗಿ ನೇರ ಮುಂದಕ್ಕೆ ನಿಂತಿದ್ದರೆ ಆ ಮುಚ್ಚಳ ಏಳುತ್ತದೆ. ಅದು ಏಳಲೆಂದೇ ನೀರಿಗೆ ಇಳಿಯುವ ಮುಂಚೆ ಗೋಪುರವನ್ನು ನೇರ ಮಾಡಿ ಬೀಗ ಹಾಕಬೇಕು, ಅದು ಗುರಿಕಾರನ ಕೆಲಸ. ಆಮೇಲೆ ಒಳಗೆ ನೀರು ತಲೆಯ ಮೇಲೆ ಬರುವವರೆಗೂ ಉಸಿರಿನ ಚೀಲ ಕಚ್ಚಿಕೊಂಡು ಕಾಯಬೇಕು. ಅದಕ್ಕೂ ಮೊದಲು ಯಾರ ತೋಳಿಗೂ ಮುಚ್ಚಳ ಏಳುವುದಿಲ್ಲ, ಹೊರಗಿನ ನೀರು ಒತ್ತಿ ಹಿಡಿದಿರುತ್ತದೆ. ತುಂಬಿದ ಮೇಲೆ ಹಗುರಾಗುತ್ತದೆ. ನಮಗೆ ತೊಟ್ಟಿಯಲ್ಲಿ ಕೂರಿಸಿ ನೀರು ಬಿಟ್ಟು ಕಲಿಸಿದ್ದರು. ನೀರು ಗಲ್ಲ ದಾಟುವಾಗ ಸುಮ್ಮನೆ ಕೂರುವುದಿದೆಯಲ್ಲ, ಅದನ್ನು ನೆನೆದರೆ ಈಗಲೂ ನನ್ನ ಕಾಲ್ಬೆರಳು ಮಡಚಿಕೊಳ್ಳುತ್ತವೆ.

ಓಟಾಕರನ ಟ್ಯಾಂಕಿನಲ್ಲಿ ಫಿರಂಗಿ ನೇರ ಇತ್ತು, ಬೀಗ ಬಿದ್ದಿತ್ತು. ಸೂಜಿಮೊನೆಯಿಂದ ಎತ್ತಿದರೆ ಚಾಲಕನ ಮುಚ್ಚಳ ಸಲೀಸಾಗಿ ಎದ್ದು ಎಡಕ್ಕೆ ಸರಿಯುತ್ತಿತ್ತು. ಹಾಗಾದರೆ ರಾಡಿಮ್ ಕಾಯದೆ ಗಾಬರಿಯಾಗಿದ್ದ. ಬೇರೆ ಉತ್ತರ ಇರಲಿಲ್ಲ. ಈ ಸಲ ಅವನು ಮಾಳಿಗೆಯಲ್ಲಿ ಯಾರಿಗೂ ತೋರಿಸಲಿಲ್ಲ. "ಸತ್ತವರ ದಿನ ಅಮ್ಮನಿಗೆ ಹೇಳ್ತೀನಿ. ನೀನೂ ಬಾ ಅಣ್ಣ. ಮುಗಿಸಿಬಿಡ್ತೀನಿ ಇದನ್ನ" ಎಂದ.

"ಹೇಳಿ ಏನು ಮಾಡ್ತೀಯ? ತೊಂಬತ್ತರ ಹತ್ತಿರ ಬಂದ ಹೆಂಗಸು."

"ಗೊತ್ತಾಗದೆ ಇರೋದು ಇನ್ನೂ ಕಷ್ಟ ಅಣ್ಣ."

ಆ ನವೆಂಬರು ಒಣಚಳಿ. ಸಮಾಧಿಗಳ ಮೇಲೆಲ್ಲ ಕೆಂಪು ಗಾಜಿನ ದೀಪಗಳು ಹಗಲಲ್ಲೇ ಉರಿಯುತ್ತಿದ್ದವು. ಕಾಮಿಲ್ ಸೇವಂತಿಗೆ ಇಟ್ಟು, ಮೊಣಕಾಲೂರಿ, ಹುಲ್ಲಿನ ಮೇಲಿನ ಒಣ ಎಲೆ ಆರಿಸಿದ. ಅಲ್ಲಿಂದ ಬಂದು ನಾಲ್ವರೂ ಹೆರ್ಮಿನಾ ಚಿಕ್ಕಮ್ಮನ ಅಡುಗೆಮನೆಯಲ್ಲಿ ಕೂತೆವು. ಅವಳು ಯಕೃತ್ತಿನ ಉಂಡೆ ಹಾಕಿದ ಸೂಪು ಬಡಿಸಿದಳು.

"ಈ ವರ್ಷ ಇಳಿದುಹೋಗಿದೀಯ ಮಗು" ಎಂದಳು ಕಾಮಿಲ್‌ಗೆ.

"ಹಲ್ಲು ಕೀಳಿಸ್ಕೊಂಡೆ ಅಮ್ಮ. ಅಗಿಯೋಕಾಗಲ್ಲ."

"ಹಾಗಾದ್ರೆ ಉಂಡೆ ಇನ್ನೆರಡು ಹಾಕ್ಕೋ, ಅದಕ್ಕೆ ಹಲ್ಲು ಬೇಡ." ಅವಳೇ ಹಾಕಿದಳು.

ಊಟವಾದ ಮೇಲೆ ಓಟಾಕರ್ ಒಗೆಯುವ ಕೋಣೆಯಿಂದ ಟ್ಯಾಂಕನ್ನು ತಂದು ಮೇಜಿನ ನಡುವೆ, ಬ್ರೆಡ್ಡಿನ ಬುಟ್ಟಿ ಸರಿಸಿ ಇಟ್ಟು, ಚಿಪ್ಪು ಎತ್ತಿದ. ಹೆರ್ಮಿನಾ ಚಿಕ್ಕಮ್ಮ ಕನ್ನಡಕ ಹಾಕಿಕೊಂಡಳು. ಅವಳು ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಾಮಿಲ್ ಒಳಗೆ ನೋಡಿದ. ನೀಲಿ ದಾರದ ಹೊಲಿಗೆ, ಕೋಲಿಗೆ ಸುತ್ತಿದ ಟ್ಯೂಬು, ಹಿತ್ತಾಳೆಯ ಗುಂಡುಗಳ ಸಾಲು. ಅವನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು.

"ಎಲ್ಲ ಇದೆ" ಎಂದ. "ಎಲ್ಲಾನೂ ಇದೆಯಲ್ಲೋ ಓಟಾ."

"ಇದೆ" ಎಂದ ಓಟಾಕರ್. "ಅಮ್ಮ, ನೋಡು. ಇವನು ರಾಡಿಮ್. ಹಿಂದಕ್ಕೆ ದಾರಿ ಇಲ್ಲ, ಗುಂಡು ತುಂಬಿದೆ. ಅದು ಅವನ ತಪ್ಪಲ್ಲ." ಚಿಪ್ಪನ್ನು ಮುಚ್ಚಿ, ಗೋಪುರವನ್ನು ಅದರ ಮೇಲೆ ಕೂರಿಸಿದ. ಫಿರಂಗಿ ನೇರ ಕಿಟಕಿಯ ಕಡೆ ನೋಡುತ್ತಿತ್ತು. ಸೂಜಿಯಿಂದ ಚಾಲಕನ ಮುಚ್ಚಳ ಎತ್ತಿದ. ಪುಟ್ಟ ತಲೆ, ಚಾಚಿದ ಕಿವಿ ಕಾಣಿಸಿದವು. "ಆದರೆ ಇದು ಏಳುತ್ತೆ. ನೀರು ತುಂಬೋವರೆಗೂ ಕೂತಿದ್ರೆ ಇವನು ಮೇಲೆ ಬರ್ತಿದ್ದ. ಕೂರಲಿಲ್ಲ. ನಾನು ಬೇರೆ ಏನಾದ್ರೂ ಸಿಗುತ್ತೇನೋ ಅಂತ ಇಷ್ಟು ವರ್ಷ ಹುಡುಕಿದೆ ಅಮ್ಮ. ಸಿಗಲಿಲ್ಲ. ಅವನು ಹೆದರಿದ, ಅಷ್ಟೆ."

ಒಲೆಯ ಮೇಲೆ ಕೆಟಲು ಸಣ್ಣಗೆ ಹಾಡುತ್ತಿತ್ತು. ಓಟಾಕರ್ ಮುಚ್ಚಳವನ್ನು ಇಳಿಸಿ ಸೂಜಿಯನ್ನು ಬಟ್ಟೆಗೆ ಚುಚ್ಚಿಡಲು ಹೋದ.

ಆಗ ಕಾಮಿಲ್ ಕೈ ಚಾಚಿದ. ಒಂದು ಬೆರಳನ್ನು ಫಿರಂಗಿಯ ನಳಿಕೆಗೆ ಇಟ್ಟು ಎಡಕ್ಕೆ ಒತ್ತಿದ. ಗಿಟಾರಿನ ತಂತಿಯ ಬೀಗ ಒಳಗೆ ಟಿಕ್ ಎಂದು ಮುರಿಯಿತು. ಗೋಪುರ ಒಂದು ಉಗುರಿನ ಅಗಲ ತಿರುಗಿತು. ನಳಿಕೆ ಚಾಲಕನ ಮುಚ್ಚಳದ ಮೇಲೆ ಬಂದು ನಿಂತಿತು.

"ಇಲ್ಲಿತ್ತು" ಎಂದ.

ಓಟಾಕರ್ ಸೂಜಿಯನ್ನು ಮತ್ತೆ ಮುಚ್ಚಳದ ಅಂಚಿಗೆ ಇಟ್ಟು ಎತ್ತಿದ. ಅದು ನಳಿಕೆಗೆ ತಾಗಿತು. ಏಳಲಿಲ್ಲ. ಇನ್ನೊಂದು ಸಲ ಎತ್ತಿದ.

"ಬೀಗ ಹಾಕಿರಲಿಲ್ಲ ನಾನು" ಎಂದ ಕಾಮಿಲ್. "ದಡದಲ್ಲಿ ಅವಸರ ಮಾಡ್ತಿದ್ರು. ಹಾಕಿದೆ ಅಂತ ಕೂಗಿದೆ, ಆಮೇಲೆ ಹಾಕಿದ್ರಾಯ್ತು ಅಂದ್ಕೊಂಡೆ. ಹಳ್ಳಕ್ಕೆ ಇಳಿದು ಓರೆಯಾದಾಗ ಗೋಪುರ ತಾನೇ ಎಡಕ್ಕೆ ಹೊರಳ್ತು. ಅದನ್ನ ಕೈಯಲ್ಲಿ ತಿರುಗಿಸೋ ಹಿಡಿ ನನ್ನ ಮುಂದೇನೇ ಇತ್ತು."

"ತಿರುಗಿಸೋಕೆ ಎಷ್ಟು ಹೊತ್ತು ಬೇಕು?" ಎಂದು ಹೆರ್ಮಿನಾ ಚಿಕ್ಕಮ್ಮ ಕೇಳಿದಳು. ಮಾರುಕಟ್ಟೆಯಲ್ಲಿ ಆಲೂಗಡ್ಡೆಯ ಬೆಲೆ ಕೇಳುವ ದನಿ.

"ಹೊತ್ತೇನೂ ಇಲ್ಲ ಅಮ್ಮ. ಕೆಲವು ಸುತ್ತು."

"ಮತ್ತೆ?"

"ಕತ್ತಲು. ಕೈಗೆ ಹಿಡಿ ಸಿಗಲಿಲ್ಲ. ಸಿಗಲಿಲ್ಲ ಅಂತ ಅಲ್ಲ, ಒಂದು ಸಲ ಸಿಕ್ತು. ಆಗ ಕಮಾಂಡರನ ಕಾಲು ನನ್ನ ಮುಖದ ಹತ್ತಿರದಿಂದ ಮೇಲಕ್ಕೆ ಹೋಯ್ತು. ನಾನೂ ಹಿಂದೇನೇ ಹೋದೆ."

"ರಾಡಿಮ್?"

ಕಾಮಿಲ್ ಬಾಯಿ ಒರೆಸಿಕೊಂಡ. "ತಟ್ತಾ ಇದ್ದ. ಸ್ಪ್ಯಾನರಲ್ಲಿ. ಗಾಬರಿಯಿಂದಲ್ಲ ಅಮ್ಮ, ನಿಧಾನವಾಗಿ ತಟ್ತಾ ಇದ್ದ. ತಿರುಗಿಸು ಅಂತ. ತಟ್ಟೋದು, ನಿಲ್ಲಿಸೋದು, ಕಾಯೋದು, ಮತ್ತೆ ತಟ್ಟೋದು. ನೀರು ಕಿವಿ ಮೇಲೆ ಬಂದ ಮೇಲೆ ಇನ್ನೂ ಚೆನ್ನಾಗಿ ಕೇಳಿಸ್ತು."

ನಾನು ನನ್ನ ಅಂಗೈಗಳನ್ನು ನೋಡುತ್ತ ಕೂತಿದ್ದೆ. ಓಟಾಕರನ ಮುಖದಲ್ಲಿ ಮೊದಲು ಒಂದು ಬೆಳಕು ಬಂತು, ನಾನು ಸುಳ್ಳು ಹೇಳಲಾರೆ. ರಾಡಿಮ್ ಹೆದರಿರಲಿಲ್ಲ. ಕೊನೆಯವರೆಗೂ ಹೇಳಿಕೊಟ್ಟ ಹಾಗೆ ಕೂತಿದ್ದ. ಆ ಬೆಳಕು ನಿಲ್ಲಲಿಲ್ಲ. ಹೇಳಿಕೊಟ್ಟ ಹಾಗೆ ಕೂತಿದ್ದುದು ಎಂದರೆ ಚೀಲದ ಉಸಿರು ಮುಗಿಯುವವರೆಗೂ ಕತ್ತಲಲ್ಲಿ ಕಾದದ್ದು ಎಂದು ಅವನಿಗೂ ಹೊಳೆದಿರಬೇಕು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ.

"ನನಗೆ ಊರೆಲ್ಲ ಪುಕ್ಕಲನ ತಮ್ಮ ಅಂದ್ರು" ಎಂದ. "ಅಪ್ಪ ಕುಡಿದು ಸತ್ತ. ನೀನು ವರ್ಷವರ್ಷ ಬಂದು ಇಲ್ಲಿ ಕೂತು ಉಂಡೆ ತಿಂದ್ಯಲ್ಲೋ. ಅವನ ಕುರ್ಚಿಲಿ."

"ಹೌದು" ಎಂದ ಕಾಮಿಲ್.

"ದಾರ ನೀಲಿ ಅಂತ ಹೇಳಿದ್ಯಲ್ಲೋ ನಂಗೆ! ದಾರದ ಬಣ್ಣ ಹೇಳಿದೆ!"

"ಹೌದು. ಪ್ರತಿ ಸಲ ಬಸ್ಸಿಳಿಯುವಾಗ ಇವತ್ತು ಹೇಳ್ತೀನಿ ಅಂತಲೇ ಇಳೀತಿದ್ದೆ. ಅಮ್ಮ ಬಾಗಿಲಲ್ಲೇ ನಿಂತಿರ್ತಿದ್ರು."

ಹೆರ್ಮಿನಾ ಚಿಕ್ಕಮ್ಮ ಎದ್ದು ಕಾಮಿಲ್‌ನ ಮುಂದಿನ ತಟ್ಟೆಯನ್ನು ತೆಗೆದಳು. ಅದರಲ್ಲಿ ಒಂದು ಉಂಡೆ ಇನ್ನೂ ಇತ್ತು. ಅದನ್ನು ಒಲೆಯ ಪಕ್ಕದ ಬಕೆಟ್ಟಿಗೆ ಹಾಕಿ, ತಟ್ಟೆಯನ್ನು ನೀರಿಗೆ ಬಿಟ್ಟಳು. ಬೆನ್ನು ತಿರುಗಿಸಿಯೇ ಕೇಳಿದಳು: "ನಿನ್ನ ಬಸ್ಸು ಎಷ್ಟು ಹೊತ್ತಿಗೆ?"

ಬಸ್ಸಿಗೆ ಇನ್ನೂ ತುಂಬ ಹೊತ್ತಿತ್ತು. ಕಾಮಿಲ್ ಎದ್ದು ಕೋಟು ಹಾಕಿಕೊಂಡ. ತೋಳು ಸಿಕ್ಕಿಕೊಂಡಿತು, ಯಾರೂ ಹಿಡಿದು ಕೊಡಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡು ಹೋದ.

ಓಟಾಕರ್ ಮೇಜಿಗೆ ಒರಗಿ ನಿಂತಿದ್ದ. "ಕೇಳಿಸ್ಕೊಂಡ್ಯಾ ಅಮ್ಮ? ಅವನು ಹೆದರಿರಲಿಲ್ಲ."

"ಅವನು ಹೆದರಿದ ಅಂತ ನಾನು ಯಾವತ್ತು ಅಂದೆ?" ಎಂದಳು ಅವಳು. ಈಗ ತಿರುಗಿದ್ದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಆ ಟೋಪಿಯವನ ಮಾತನ್ನ ನಾನು ಒಂದು ದಿನವೂ ನಂಬಲಿಲ್ಲ. ನೀನು ನಂಬಿದೆ. ನಿಮ್ಮಪ್ಪ ನಂಬಿದ. ಒಬ್ಬ ಹುಡುಗ ವರ್ಷಕ್ಕೊಂದು ಸಲ ಇಲ್ಲಿ ಬಂದು ರಾಡಿಮ್ ಹಾಗಿದ್ದ, ಹೀಗಿದ್ದ ಅಂತಿದ್ದ. ಆ ಮಾತು ಆಡೋರು ಭೂಮಿ ಮೇಲೆ ಅವನೊಬ್ಬನೇ ಇದ್ದದ್ದು. ಅವನ ಕಣ್ಣಲ್ಲಿ ಏನೋ ಇದೆ ಅಂತ ನನಗೆ ಕಾಣ್ತಿರಲಿಲ್ಲ ಅಂದ್ಕೊಂಡ್ಯಾ? ಕೇಳಬಾರದು ಅಂತಲೇ ಕೇಳಿರಲಿಲ್ಲ. ಕೇಳಿದ್ರೆ ಅವನು ಹೇಳಿಬಿಡ್ತಾನೆ. ಹೇಳಿದ್ಮೇಲೆ ನಾನು ಅವನಿಗೆ ಹೇಗೆ ಬಡಿಸಲಿ?"

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು.

"ನಿನಗೆ ಬೇಕಾದ್ದು ಸಿಕ್ತಲ್ಲ" ಎಂದಳು. ಆಮೇಲೆ ಟ್ಯಾಂಕಿನ ಕಡೆ ಬೆರಳು ತೋರಿಸಿ, "ಅವನನ್ನ ಅದರೊಳಗಿಂದ ತೆಗಿ" ಎಂದಳು.

ಓಟಾಕರ್ ಗೋಪುರ ಎತ್ತಿದ. ಚಿಪ್ಪು ಎತ್ತಿದ. ಚಿಮಟದಲ್ಲಿ ಹಿಡಿದು ಎಳೆದ. ಎದೆಯ ಚೀಲ ಕೋಲುಗಳಿಗೆ ಸಿಕ್ಕಿಕೊಂಡಿತ್ತು. ಗಟ್ಟಿ ಎಳೆದರೆ ಕೈ ಮುರಿಯುತ್ತದೆ ಎಂದು ಅವನು ನಿಧಾನವಾಗಿ ಅತ್ತಿತ್ತ ಅಲುಗಿಸುತ್ತಿದ್ದ. ಕೊನೆಗೆ ಚಿಮಟ ಬಿಟ್ಟು, ಸೈಕಲ್ ಟ್ಯೂಬು ಸುತ್ತಿದ್ದ ಆ ಎಡಗಡೆಯ ಕೋಲನ್ನೇ ಉಗುರಿನಲ್ಲಿ ಮುರಿದ. ಗುಂಡಿನ ಗೂಡನ್ನು ಮುರಿದ. ಹಿತ್ತಾಳೆಯ ಗುಂಡುಗಳು ಮೇಜಿನ ಮೇಲೆ ಉರುಳಿ, ಕೆಲವು ನೆಲಕ್ಕೆ ಬಿದ್ದವು. ನಾನು ಆರಿಸಲು ಬಗ್ಗಿದೆ, "ಬಿಡು ಲೋಯ್ಜಾ" ಎಂದು ಚಿಕ್ಕಮ್ಮ ನನ್ನನ್ನು ತಡೆದಳು. ಮಗನ ಕೈಯಿಂದ ಆ ಮನುಷ್ಯನನ್ನು ತೆಗೆದುಕೊಂಡು, ಕನ್ನಡಕದ ಹತ್ತಿರ ಹಿಡಿದು ನೋಡಿ, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಆಮೇಲೆ ನನಗೆ ಹೇಳಿದಳು: "ಅವನು ಸ್ಟಾಪಿನಲ್ಲೇ ಕೂತಿರ್ತಾನೆ. ಹೋಗಿ ಹೇಳು. ಬರೋ ವರ್ಷ ಬರೋದಾದ್ರೆ ಸಮಾಧಿಗೆ ಬರಲಿ. ಮನೆಗೆ ಬರೋದು ಬೇಡ."

ಕಾಮಿಲ್ ಬಸ್‌ಸ್ಟಾಪಿನ ತಗಡಿನ ಚಾವಣಿಯ ಕೆಳಗೆ, ಕೈಗ್ಲೌಸು ಹಾಕದೆ ಕೂತಿದ್ದ. ನಾನು ಅವನ ಪಕ್ಕ ಕೂತು ಅವಳು ಹೇಳಿದ್ದನ್ನು ಅವಳು ಹೇಳಿದಂತೆಯೇ ಹೇಳಿದೆ. ಅವನು ತಲೆಯಾಡಿಸಿದ.

"ಸಮಾಧಿಗೆ ಬರಬಹುದು ಅಂದ್ರಾ?"

"ಅಂದ್ರು."

"ಸರಿ" ಎಂದ. ಬಸ್ಸು ಬರುವವರೆಗೂ ನಾನು ಜೊತೆಗೆ ಕೂತಿದ್ದೆ. ಯಾಕೆ ಕೂತೆನೋ ಗೊತ್ತಿಲ್ಲ.

ಮುಂದಿನ ನವೆಂಬರಿನಲ್ಲಿ ಅವನು ಬಂದ. ಅಷ್ಟರಲ್ಲಿ ಓಟಾಕರ್ ಮಾಳಿಗೆಗೆ ಬರುವುದನ್ನು ನಿಲ್ಲಿಸಿದ್ದ. ಅವನ ಕ್ಯಾಲಿಪರ್, ಚಿಮಟ ಎಲ್ಲ ಲುಬೋಶ್‌ನ ಡ್ರಾಯರಿನಲ್ಲಿದ್ದವು. ಸಮಾಧಿಯ ಹತ್ತಿರ ತಾಯಿ ಮಗ ಒಂದು ಕಡೆ, ಕಾಮಿಲ್ ಇನ್ನೊಂದು ಕಡೆ ನಿಂತರು. ಅವನು ದೀಪ ಹಚ್ಚಲು ಗೀರಿದ ಬೆಂಕಿಕಡ್ಡಿ ಗಾಳಿಗೆ ಮತ್ತೆ ಮತ್ತೆ ಆರುತ್ತಿತ್ತು. ಹೆರ್ಮಿನಾ ಚಿಕ್ಕಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಉರಿಯುವ ದೀಪವನ್ನು ಕಲ್ಲಿನ ಮೇಲೆ ಅವನ ಕಡೆಗೆ ಸರಿಸಿದಳು. ಅವನು ಬಗ್ಗಿ ಅದರಿಂದ ತನ್ನದನ್ನು ಹಚ್ಚಿಕೊಂಡ. ಅವನು ತಲೆ ಎತ್ತುವಷ್ಟರಲ್ಲಿ ಅವಳು ಓಟಾಕರನ ತೋಳು ಹಿಡಿದು ಗೇಟಿನ ಕಡೆ ನಡೆಯತೊಡಗಿದ್ದಳು.